ನೀರುಗಂಟಿಯ ಮಗಳು ಕಿಂಡಿ ಮುಚ್ಚಿದ್ದು

ನನಗೊಂದು ಚಟವಿದೆ. ಬಿಟ್ಟ ನಲ್ಲಿ ಕಂಡರೆ ಮುಚ್ಚದೆ ಮುಂದೆ ಹೋಗಲಾರೆ. ನಮ್ಮ ಮನೆಯದಾದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ನಾನು ಪರರ ನಲ್ಲಿಗಳನ್ನೂ ಬಿಟ್ಟವಳಲ್ಲ. ಸಹಕಾರನಗರದ ಪಾರ್ಕಿನಲ್ಲಿ ಹುಲ್ಲಿಗೆ ಬಿಟ್ಟ ಪೈಪನ್ನು ನಿಲ್ಲಿಸಿ ಮಾಲಿಯಿಂದ ಬೈಸಿಕೊಂಡಿದ್ದೇನೆ. ಯಲಹಂಕದಲ್ಲಿ ಒಂದು ಮದುವೆಗೆ ಹೋದಾಗ ಛತ್ರದ ಹಿಂದೆ ಡ್ರಮ್ಮಿಗೆ ನೀರು ಬಿಟ್ಟಿದ್ದರು. ಪುಣ್ಯಾತ್ಮರು ಮರೆತು ಹೋಗಿದ್ದಾರೆ ಅಂದುಕೊಂಡು ನಲ್ಲಿ ತಿರುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಊಟಕ್ಕೆ ಕೂತೆ. ಮೂರನೇ ಪಂಕ್ತಿಗೆ ಅನ್ನವೇ ಬರಲಿಲ್ಲ. ಅಡುಗೆಯವರು ನೀರು ನಿಲ್ಲಿಸಿದವರ ಏಳು ತಲೆಮಾರನ್ನು ನೆನೆಯುತ್ತಿದ್ದಾಗ ನಾನು ತಲೆ ಎತ್ತದೆ ಕೋಸಂಬರಿ ತಿನ್ನುತ್ತಿದ್ದೆ. ನಮ್ಮನೆಯವರಿಗೆ ಎಲ್ಲ ಗೊತ್ತಾಗಿತ್ತು. ವಾಪಸು ಬರುವಾಗ ಸ್ಕೂಟರಿನ ಮೇಲೆ ಇಷ್ಟೇ ಹೇಳಿದರು, “ನಿನ್ನನ್ನ ಜೋಗಕ್ಕೆ ಮಾತ್ರ ಕರ್ಕೊಂಡು ಹೋಗಲ್ಲ ಕಣೇ.”

ಜೋಗಕ್ಕೆ ಕರೆದುಕೊಂಡು ಹೋಗಲಿಲ್ಲ, ಕುಮಟಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ನಾನು ಮಾಡಿಬಂದ ಕೆಲಸ ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ, ಆದರೆ ನಮ್ಮಪ್ಪನ ವಿಷಯ ಹೇಳದಿದ್ದರೆ ನೀವು ನನ್ನನ್ನು ಬರೀ ತಲೆಕೆಟ್ಟವಳು ಅಂದುಕೊಳ್ಳುತ್ತೀರಿ.

ನಮ್ಮಪ್ಪ ಅಮೃತಹಳ್ಳಿ ಕೆರೆಗೆ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕು ಅಂತ ನೋಡಿಕೊಳ್ಳುವವನೇ ನೀರುಗಂಟಿ. ನಾನು ಲಂಗ ಎತ್ತಿ ಕಟ್ಟಿಕೊಂಡು ಅಪ್ಪನ ಹಿಂದೆ ಕಾಲುವೆ ಏರಿಯ ಮೇಲೆ ಓಡುತ್ತಿದ್ದೆ. ಒಂದು ಗದ್ದೆಯ ಬಾಯಿ ಮುಚ್ಚಬೇಕಾದರೆ ಅಪ್ಪ ಗುದ್ದಲಿಯಲ್ಲಿ ಮಣ್ಣು ಎಳೆದು ಹಾಕುವುದು, ನಾನು ಅದರ ಮೇಲೆ ನಿಂತು ಹಿಮ್ಮಡಿಯಲ್ಲಿ ತುಳಿದು ಗಟ್ಟಿ ಮಾಡುವುದು. ಒಂದು ತೊಟ್ಟು ನೀರೂ ಸೋರಬಾರದು. “ನಮ್ ಗಂಡುಡುಗ್ರು ತುಳಿದ್ರೆ ಸೋರ್ತದೆ, ಇವ್ಳು ತುಳಿದ್ರೆ ಸೋರಲ್ಲ” ಅಂತ ಅಪ್ಪ ಊರವರ ಮುಂದೆ ಹೇಳಿದ ದಿನ ನನಗೆ ಸ್ಕೂಲಿನಲ್ಲಿ ಫಸ್ಟ್ ರ‍್ಯಾಂಕ್ ಬಂದಷ್ಟು ಖುಷಿಯಾಗಿತ್ತು. ರ‍್ಯಾಂಕ್ ಅಂತೂ ಜನ್ಮದಲ್ಲಿ ಬರಲಿಲ್ಲ.

ಅಪ್ಪನಿಗೆ ನೀರಿನ ಬಗ್ಗೆ ಎಷ್ಟು ಗೊತ್ತಿತ್ತೋ ಮಾತಿನ ಬಗ್ಗೆ ಅಷ್ಟೇ ಭಯ. ನಮ್ಮೂರಲ್ಲಿ ಅಕ್ಕಪಕ್ಕ ಗದ್ದೆಯ ಅಣ್ಣತಮ್ಮಂದಿರಿಬ್ಬರು ಇದ್ದರು. ಬೆಳಗಾದರೆ ಇಬ್ಬರೂ ಬೇರೆಬೇರೆಯಾಗಿ ಬಂದು ನಮ್ಮ ಜಗಲಿಯ ಮೇಲೆ ಕೂರುವುದು, ಇನ್ನೊಬ್ಬನಿಗೆ ಎಷ್ಟು ನೀರು ಬಿಟ್ಟೆ ಅಂತ ಕೇಳುವುದು. ಅಪ್ಪ ಇಬ್ಬರಿಗೂ ಎಲೆ ಅಡಿಕೆ ಕೊಟ್ಟು, ಮಳೆ ಬರೋ ಹಂಗೈತೆ ಅಂತ ಆಕಾಶ ನೋಡುತ್ತಿದ್ದರು. ಬಾಯಿ ಬಿಟ್ಟರೆ ಹೊಡೆದಾಟವೇ. “ತೂಬಿನ ಕೆಲ್ಸ ಕೈಯಾಗಿರ್ಬೇಕು ಕಣವ್ವ, ಬಾಯಾಗಿರ್ಬಾರ್ದು” ಅನ್ನುವುದು ಅವರ ಮಾತು. ಮಾಡಿದ ಕೆಲಸವನ್ನು ನೀರುಗಂಟಿ ಹೇಳಿಕೊಳ್ಳಬಾರದು. ಅದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ. ನಾನೂ ಅದನ್ನು ಕಲಿತೆ, ಕಲಿಯಬಾರದಷ್ಟು ಚೆನ್ನಾಗಿ ಕಲಿತೆ.

ಈಗ ಆ ಗದ್ದೆಗಳಿಲ್ಲ. ನಮ್ಮ ಪಾಲಿಗಿದ್ದ ತುಂಡಿನ ಮೇಲೆ ನನ್ನ ಅಣ್ಣಂದಿರು ಅಪಾರ್ಟ್‌ಮೆಂಟ್ ಕಟ್ಟಿಸಿದ್ದಾರೆ. ಜೋರು ಮಳೆ ಬಂದರೆ ನೀರು ಹಳೇ ದಾರಿ ನೆನಪು ಮಾಡಿಕೊಂಡು ನೆಟ್ಟಗೆ ಬೇಸ್‌ಮೆಂಟಿಗೆ ಬರುತ್ತದೆ. ಅಣ್ಣಂದಿರು ಪಂಪು ಹಾಕಿಸಿ ಅದನ್ನು ರಸ್ತೆಗೆ ಹೊಡೆಸುತ್ತಾರೆ. ನೀರುಗಂಟಿಯ ಗಂಡುಮಕ್ಕಳು ಈಗಲೂ ನೀರಿನ ಕೆಲಸದಲ್ಲೇ ಇದ್ದಾರೆ ಅಂತ ನಾನು ರೇಗಿಸಿದರೆ ಅವರಿಗೆ ಸಿಟ್ಟು ಬರುತ್ತದೆ.

ಇರಲಿ, ಕುಮಟಾಕ್ಕೆ ಬರುತ್ತೇನೆ. ನನ್ನ ಮಗಳು ಚೈತ್ರ ಮತ್ತಿಕೆರೆಯಲ್ಲಿ ಓದುವಾಗ ಮೆಚ್ಚಿಕೊಂಡ ಹುಡುಗ ಮಹೇಶ. ಹೆಬ್ಬಾಳದ ಹತ್ತಿರ ಫಿಸಿಯೋಥೆರಪಿ ಮಾಡುತ್ತಾನೆ, ನನ್ನ ಮಂಡಿ ನೋವನ್ನು ಬಿಟ್ಟಿಯಾಗಿ ನೋಡುತ್ತಾನೆ, ಒಳ್ಳೆಯ ಅಳಿಯ. ಅವನ ತಾಯಿ ನಾಗವೇಣಮ್ಮ ಕುಮಟಾದ ಆಚೆ ಹೊಳೆ ಸಮುದ್ರಕ್ಕೆ ಸೇರುವ ಊರಿನವರು. ಸಣಕಲು ಹೆಂಗಸು, ಮಾತು ಕಡಿಮೆ, ಕಣ್ಣು ಚೂಪು. ನನಗೆ ಅವರನ್ನು ಕಂಡರೆ ಸ್ವಲ್ಪ ಹೆದರಿಕೆ. ಕಳೆದ ಏಪ್ರಿಲ್ಲಿನಲ್ಲಿ ಚೈತ್ರಳ ಸೀಮಂತ ಇಟ್ಟುಕೊಂಡಾಗ, ಬೀಗರನ್ನು ಫೋನಿನಲ್ಲಿ ಕರೆದರೆ ಚೆನ್ನಾಗಿರುತ್ತದೆಯೇ ಅಂತ ನಾನೂ ನಮ್ಮನೆಯವರೂ ಯಶವಂತಪುರದಲ್ಲಿ ರೈಲು ಹತ್ತಿದೆವು. ಮನೆಗೇ ಹೋಗಿ ಕುಂಕುಮ ಕೊಟ್ಟು ಕರೆದು, ವಾಪಸು ಬರುವಾಗ ಅವರನ್ನೂ ಜೊತೆಗೇ ಕರೆದುಕೊಂಡು ಬರುವುದು ಅಂತ ಲೆಕ್ಕ.

ಶನಿವಾರ ಬೆಳಿಗ್ಗೆ ನಾಗವೇಣಮ್ಮ ನನ್ನನ್ನು ತಮ್ಮ ಗಜನಿ ತೋರಿಸಲು ಕರೆದುಕೊಂಡು ಹೋದರು. ಗಜನಿ ಅಂದರೆ ಹೊಳೆಯ ಅಂಚಿನಲ್ಲಿ ಒಡ್ಡು ಹಾಕಿ ಮಾಡಿಕೊಂಡ ತಗ್ಗಿನ ಗದ್ದೆ. ಊರಿನ ಅನೇಕರಿಗೆ ಅದರಲ್ಲಿ ಪಾಲು. ಅವರು ಒಡ್ಡಿನ ಮೇಲೆ ನಿಂತು ಬಹಳ ಹೊತ್ತು ಏನೇನೋ ವಿವರಿಸಿದರು, ಯಾವತ್ತೂ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನಾನು ಹ್ಞೂಂ ಹ್ಞೂಂ ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಸೀಮಂತಕ್ಕೆ ಒಬ್ಬಟ್ಟು ಮಾಡಿಸುವುದೋ ಚಿರೋಟಿಯೋ ಅನ್ನುವುದು ಓಡುತ್ತಿತ್ತು. ಒಂದು ಚಪ್ಪಲಿ ಬೇರೆ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಆಮೇಲೆ ಚೈತ್ರಳಿಂದ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ, ನೀವಾದರೂ ಕೇಳಿಸಿಕೊಳ್ಳಿ.

ಹಿಂದೆ ಆ ಗಜನಿಯಲ್ಲಿ ಮಳೆಗಾಲಕ್ಕೆ ಭತ್ತ, ಕೊಯ್ಲಾದ ಮೇಲೆ ಒಡ್ಡಿನ ಕಿಂಡಿ ತೆಗೆದರೆ ಸಮುದ್ರದ ನೀರಿನ ಜೊತೆ ಮೀನು, ಸಿಗಡಿ. ನಡುವೆ ಯಾವಾಗಲೋ ಕಿಂಡಿಗೆ ಕಬ್ಬಿಣದ ಗೇಟು ಬಂತು. ಅದು ತುಕ್ಕು ಹಿಡಿದು ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ಒಳಗಿನ ನೀರು ಹೊರಗೆ ಹೋಗಲಿಲ್ಲ, ಹೊರಗಿನದು ಒಳಗೆ ಬರಲಿಲ್ಲ. ನಿಂತು ನಿಂತು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ನಾತ ಹೊಡೆಯಿತು. ಭತ್ತವೂ ಹೋಯಿತು, ಮೀನೂ ಹೋಯಿತು. ನಾಗವೇಣಮ್ಮ ಎರಡು ವರ್ಷ ಪಾಲುದಾರರ ಮನೆಮನೆಗೆ ಅಲೆದು, ಕಡಲಿನ ನೀರು ದಿನಕ್ಕೆ ಎರಡು ಸಲ ಬಂದು ಹೋಗಲಿ, ನೆಲ ತಾನೇ ಹುಷಾರಾಗುತ್ತದೆ ಅಂತ ಒಪ್ಪಿಸಿದ್ದರು. ಗೇಟು ಒಡೆಸಿ ಮೂರು ಅಡಿಯ ಕಿಂಡಿ ಬಿಡಿಸಿದರು. ಮಳೆಗಾಲದಲ್ಲಿ ಭತ್ತಕ್ಕೆ ಬೇಕಾದಾಗ ಮಾತ್ರ ಹಾಕಲು ಏಳು ಹಲಗೆ ಮಾಡಿಸಿ ಒಡ್ಡಿನ ಮೇಲೆ ಇಟ್ಟರು. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಸಸಿಗಳನ್ನು ಊರಿನ ಹೆಂಗಸರ ಜೊತೆ ತಾವೇ ನೆಟ್ಟರು. ಪಾಲುದಾರರ ಸಂಘ ಕೊಟ್ಟ ಗಡುವು ಈ ಮಳೆಗಾಲ ಶುರುವಾಗುವವರೆಗೆ. ಅಷ್ಟರಲ್ಲಿ ಸಸಿ ನಿಂತು ಮೀನು ಕಾಣಿಸಿದರೆ ಸರಿ, ಇಲ್ಲದಿದ್ದರೆ ಮತ್ತೆ ಒಡ್ಡು ಮುಚ್ಚಿ ಇಡೀ ಗಜನಿಯನ್ನು ಸಿಗಡಿ ಹೊಂಡದವರಿಗೆ ಬಿಟ್ಟುಕೊಡುವುದು. ಹಾಗೆ ಬಿಟ್ಟುಕೊಡೋಣ ಅನ್ನುವವರಲ್ಲಿ ಮುಂದಾಳು ಬೀರಣ್ಣ. ಒಡ್ಡಿನ ಪಕ್ಕದಲ್ಲೇ ಅವನ ಮನೆ.

ಇಷ್ಟೂ ನನಗೆ ಹೇಳಿದ್ದರಂತೆ. ನನ್ನ ತಲೆಯಲ್ಲಿ ಒಬ್ಬಟ್ಟು.

ಮಧ್ಯಾಹ್ನ ಊಟವಾಗಿ ಎಲ್ಲರೂ ಒರಗಿದರು. ನನಗೆ ಸೆಕೆಗೆ ನಿದ್ದೆ ಬರಲಿಲ್ಲ, ಒಬ್ಬಳೇ ಗಜನಿಯ ಕಡೆ ನಡೆದುಕೊಂಡು ಹೋದೆ. ಕಿಂಡಿಯ ಹತ್ತಿರ ಬಂದು ನೋಡಿದವಳು ಹಾಗೇ ನಿಂತುಬಿಟ್ಟೆ. ಬೆಳಿಗ್ಗೆ ಗದ್ದೆಯಿಂದ ಹೊಳೆಗೆ ಹೋಗುತ್ತಿದ್ದ ನೀರು ಈಗ ಹೊಳೆಯಿಂದ ಗದ್ದೆಗೆ ಬರುತ್ತಿತ್ತು. ಅದೇ ಕಿಂಡಿ, ಅದೇ ನೀರು, ಹಿಂದಕ್ಕೆ ಹರಿಯುತ್ತಿತ್ತು. ನಗಬೇಡಿ. ಸಮುದ್ರಕ್ಕೆ ಉಬ್ಬರ ಇಳಿತ ಇದೆ ಅಂತ ನಾನೂ ನಾಲ್ಕನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದವಳೇ. ಆದರೆ ಬಾಯಿಪಾಠ ಮಾಡಿದ್ದು ಕಣ್ಣೆದುರಿಗೆ ಬಂದರೆ ಗುರುತು ಸಿಗುತ್ತದೆಯೇ? ಐವತ್ತೆಂಟು ವರ್ಷ ನೀರು ಒಂದೇ ಕಡೆಗೆ ಹೋಗುವುದನ್ನು ಕಂಡವಳು ನಾನು. ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ಉಪ್ಪು.

ಉಪ್ಪುನೀರು ಗದ್ದೆಗೆ ನುಗ್ಗುತ್ತಿದೆ, ಮನೆಯವರೆಲ್ಲ ಮಲಗಿದ್ದಾರೆ, ಯಾರೋ ತೂಬು ಮುಚ್ಚುವುದನ್ನು ಮರೆತಿದ್ದಾರೆ. ಹಲಗೆ ಅಲ್ಲೇ ಇವೆ, ಕಿಂಡಿಯ ಎರಡೂ ಬದಿಗೆ ಅವು ಕೂರಲು ಕೊರೆದ ಕಚ್ಚೂ ಇದೆ. ಇನ್ನೇನು ಬೇಕು? ಸೀರೆ ಎತ್ತಿ ಕಟ್ಟಿ ಇಳಿದೆ. ಮೊಣಕಾಲು ಮುಳುಗುವ ನೀರಿನಲ್ಲಿ ಒಂದೊಂದೇ ಹಲಗೆಯನ್ನು ಇಳಿಬಿಟ್ಟು ಕೂರಿಸಿದೆ. ನಾಲ್ಕನೆಯದಕ್ಕೆ ಎರಡು ಬಳೆ ಒಡೆದವು. ಏಳೂ ಕೂತ ಮೇಲೆ ಸಂದಿಗಳಿಗೆ ಜೇಡಿಮಣ್ಣು ಮೆತ್ತಿ, ಬುಡಕ್ಕೆ ಮಣ್ಣು ಎಳೆದು, ಮೇಲೆ ನಿಂತು ಹಿಮ್ಮಡಿಯಲ್ಲಿ ತುಳಿದೆ. ಒಂದು ತೊಟ್ಟು ಸೋರಲಿಲ್ಲ. ಮಂಡಿ ನೋವು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಅಷ್ಟು ಸಂತೋಷ ನನಗೆ ಮಗಳ ಮದುವೆಯ ದಿನವೂ ಆಗಿರಲಿಲ್ಲ ಅಂದರೆ ಚೈತ್ರ ಬೇಜಾರು ಮಾಡಿಕೊಳ್ಳುತ್ತಾಳೆ, ಆದರೆ ನಿಜ.

ಮನೆಗೆ ಬಂದಾಗ ನಮ್ಮನೆಯವರು ಕೇಳಿದರು, “ಸೀರೆ ಯಾಕೆ ಒದ್ದೆ?”

“ಜಾರ್ದೆ” ಅಂದೆ. ಬೀಗರ ಗದ್ದೆ ಉಳಿಸಿ ಬಂದೆ ಅಂತ ನೀರುಗಂಟಿಯ ಮಗಳು ಹೇಳಿಕೊಳ್ಳುವುದುಂಟೇ? ಸಂಜೆಯ ರೈಲಿಗೆ ನಾಗವೇಣಮ್ಮನನ್ನೂ ಕರೆದುಕೊಂಡು ಹೊರಟೆವು. ದಾರಿಯುದ್ದಕ್ಕೂ ನಾನು ಅವರನ್ನು ಒಂಥರಾ ದೊಡ್ಡಮನಸ್ಸಿನಿಂದ ನೋಡುತ್ತಾ ಬಂದೆ.

ಬುಧವಾರ ಸೀಮಂತ ಚೆನ್ನಾಗಿ ಆಯಿತು. ಒಬ್ಬಟ್ಟೇ ಮಾಡಿಸಿದೆ. ಶುಕ್ರವಾರ ಬೆಳಿಗ್ಗೆ ನಾಗವೇಣಮ್ಮ ನಮ್ಮ ವರಾಂಡದಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು, ನಾನು ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವರಿಗೆ ಫೋನು ಬಂತು. ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. ಸಸಿ ನೆಟ್ಟ ಹೆಂಗಸರಲ್ಲಿ ಒಬ್ಬಳಾದ ಬೊಮ್ಮಿ ಅನ್ನುವವಳು ಅಳುತ್ತಾ ಮಾತಾಡಿದಳು.

“ಅಕ್ಕ, ಕಿಂಡಿಗೆ ಯಾರೋ ಹಲಗೆ ಹಾಕಿದ್ದಾರೆ. ಒಂದಲ್ಲ, ಏಳೂ. ಮಣ್ಣು ಮೆತ್ತಿ ತುಳ್ದಿದ್ದಾರೆ. ಒಳಗಿನ ನೀರು ಕಪ್ಪಾಗ್ಯದೆ. ಮೀನ್ಮರಿ ಎಲ್ಲ ಸತ್ತು ತೇಲ್ತಾ ಅದೆ. ಸಸಿ ತಲೆವರೆಗೆ ಮುಳುಗಿ ಎಲೆ ಹಳದಿ ಆಗ್ಯದೆ. ನಾ ತೆಗೀಲಾ?”

ನಾಗವೇಣಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಮುಖ ಹೇಗಿತ್ತೋ ನನಗೆ ಕಾಣಲಿಲ್ಲ.

“ಮುಟ್ಬೇಡ” ಅಂದರು. “ಒಂದು ಹಲಗೆನೂ ಮುಟ್ಬೇಡ. ಭಾನ್ವಾರ ನಾ ಬರ್ತೆ. ಸಂಘದವ್ರೆಲ್ಲ ಕಣ್ಣಾರೆ ನೋಡ್ಲಿ, ಯಾರ ಕೆಲ್ಸ ಅಂತ.”

ಫೋನು ಇಟ್ಟವರೇ ಬೀರಣ್ಣನಿಗೆ ಹಚ್ಚಿದರು. “ನೀ ಗೆಲ್ಬೇಕಾದ್ರೆ ಎದುರಿಗೆ ನಿಂತು ಗೆಲ್ಬೇಕಿತ್ತು ಬೀರಣ್ಣ. ನಾ ಊರಲ್ಲಿ ಇಲ್ದಾಗ ಕಳ್ಳನ ಹಾಗೆ ಹಲಗೆ ಹಾಕಿದ್ಯಲ್ಲ.”

ಆ ಕಡೆಯಿಂದ ಗಂಡಸಿನ ದನಿ, “ನಾ ಹಾಕ್ಲಿಲ್ಲ ಅಕ್ಕ.”

“ಮತ್ತೆ ಕಡಲೇ ಬಂದು ಹಾಕ್ಕೊಂಡ್ತಾ?”

“ನಾ ಹಾಕ್ಲಿಲ್ಲ” ಅಂದ ಮತ್ತೆ.

“ಭಾನ್ವಾರ ಎಲ್ಲರ ಎದುರು ದೇವ್ರ ಮೇಲೆ ಆಣೆ ಇಟ್ಟು ಹೇಳು” ಅಂತ ಫೋನು ಕಟ್ ಮಾಡಿದರು.

ಬೆಳ್ಳುಳ್ಳಿಯ ತಟ್ಟೆ ಎತ್ತಿಕೊಂಡು ನಾನು ಅಡುಗೆಮನೆಗೆ ಹೋದೆ. ಹೋದೆ ಅಂದರೆ ಓಡಿದೆ. ಒಲೆಯ ಮುಂದೆ ನಿಂತು ಯೋಚನೆ ಮಾಡಿದೆ. ಯೋಚನೆ ಅಂದರೆ ದೊಡ್ಡ ಮಾತಾಯಿತು, ತಪ್ಪಿಸಿಕೊಳ್ಳುವ ದಾರಿ ಹುಡುಕಿದೆ. ಯಾರೂ ನೋಡಿಲ್ಲ. ಬಳೆಚೂರು ಸಿಕ್ಕರೂ ನನ್ನದೇ ಅಂತ ಏನು ಗುರುತು? ಬೀರಣ್ಣ ಹೇಗೂ ಅವರಿಗೆ ಆಗದವನು, ನಾಲ್ಕು ಮಾತು ಅನ್ನಿಸಿಕೊಂಡರೆ ಏನು ಹೋಗುತ್ತದೆ? ಹೀಗೆಲ್ಲ ಅಂದುಕೊಂಡವಳು ನಾನೇ. ಬೇರೆ ಯಾರೋ ಹೀಗೆ ಯೋಚಿಸಿದ್ದರೆ ಅವರ ಮುಖ ನೋಡುತ್ತಿರಲಿಲ್ಲ.

ಹಸಿರು ಬಳೆ ಸದ್ದು ಮಾಡುತ್ತಾ ಚೈತ್ರ ನೀರು ಕುಡಿಯಲು ಬಂದಳು. “ಅಮ್ಮ, ಯಾಕೆ ಇಷ್ಟು ಬೆವರ್ತಿದೀಯಾ? ಬಿಪಿ ಮಾತ್ರೆ ತಗೊಂಡ್ಯಾ?”

ಹೇಳಿಬಿಟ್ಟೆ. ಅವಳು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಜನಿಯ ಕಥೆಯನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಮೆಲ್ಲಗೆ ಹೇಳಿದಳು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ. ಗಡುವಿನ ವಿಷಯ ಬಂದಾಗ ನಾನು ಅಲ್ಲೇ ನೆಲದ ಮೇಲೆ ಕೂತೆ.

“ನೀನೇ ಹೇಳಮ್ಮ” ಅಂತ ಬೇಡಿಕೊಂಡೆ. “ನೀನು ಹೇಳಿದ್ರೆ ಕೋಪ ಮಾಡ್ಕೊಳ್ಳಲ್ಲ, ಬಸುರಿ ಹೆಂಗಸು.”

“ಇಲ್ಲ. ನೀನೇ ಹೇಳ್ಬೇಕು, ಈಗ್ಲೇ ಹೇಳ್ಬೇಕು. ಭಾನುವಾರದವರೆಗೆ ಹಲಗೆ ಹಂಗೇ ಇದ್ರೆ ಒಂದು ಸಸೀನೂ ಉಳಿಯಲ್ಲ. ಅತ್ತೆ ಅವನ್ನ ಒಂದೊಂದಾಗಿ ಕೈಯಲ್ಲಿ ನೆಟ್ಟಿದಾರೆ.”

ಅಡುಗೆಮನೆಯಿಂದ ವರಾಂಡಕ್ಕೆ ಹದಿನೈದು ಹೆಜ್ಜೆ. ನನಗೆ ಕುಮಟಾದಷ್ಟು ದೂರವಾಯಿತು. ನಾಗವೇಣಮ್ಮ ಸೊಪ್ಪು ಬಿಡಿಸುತ್ತಲೇ ಇದ್ದರು, ಆದರೆ ಎಲೆಯನ್ನು ಕಸಕ್ಕೂ ಕಡ್ಡಿಯನ್ನು ಪಾತ್ರೆಗೂ ಹಾಕುತ್ತಿದ್ದರು.

“ಬೀಗ್ರೇ” ಅಂದೆ. “ಆ ಹಲಗೆ ಹಾಕಿದ್ದು ನಾನು.”

ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು. ಎರಡನೇ ಸಲ ಹೇಳುವುದು ಮೊದಲನೇ ಸಲಕ್ಕಿಂತ ಕಷ್ಟ, ನಿಮಗೆ ಅನುಭವ ಇಲ್ಲದಿದ್ದರೆ ಆಗದಿರಲಿ.

“ನೀವಾ? ಎಂತಕ್ಕೆ?”

“ಉಪ್ಪುನೀರು ಒಳಗೆ ಬರ್ತಿತ್ತು. ಗದ್ದೆ ಹಾಳಾಗತ್ತೆ ಅಂತ ಮುಚ್ದೆ.”

“ಬರ್ಲಿ ಅಂತಲೇ ಅಲ್ವ ಅಕ್ಕ ನಾ ಎರಡು ವರ್ಷ ಒದ್ದಾಡಿದ್ದು. ಅವತ್ತು ಬೆಳಿಗ್ಗೆ ನಿಮ್ಮನ್ನ ಅಲ್ಲೇ ನಿಲ್ಸಿ ಹೇಳಿದ್ನಲ್ಲ.”

“ಹೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ.”

ಅವರು ನನ್ನ ಮುಖ ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲು ಕಂಡಿತು. ತಾವು ಪ್ರಾಣ ಇಟ್ಟು ಹೇಳಿದ್ದನ್ನು ಎದುರಿಗೆ ನಿಂತವಳು ಕಿವಿಗೇ ಹಾಕಿಕೊಂಡಿರಲಿಲ್ಲ ಅನ್ನುವ ದಿಗಿಲು. ನಾನು ಕ್ಷಮಿಸಿ ಅಂತ ಹೇಳಲು ಬಾಯಿ ತೆಗೆದೆ, ಅವರು ಕೈ ಅಡ್ಡ ಮಾಡಿ ಫೋನು ಎತ್ತಿಕೊಂಡರು. ಮಹೇಶನಿಗೆ ಹಚ್ಚುತ್ತಾರೆ, ಮಗಳ ಬಾಳು ಮುಗಿಯಿತು ಅಂದುಕೊಂಡೆ. ಹಚ್ಚಿದ್ದು ಬೀರಣ್ಣನಿಗೆ.

“ಬೀರಣ್ಣ, ನಿನ್ನ ಮೇಲೆ ಹಾಕಿದ್ದು ತಪ್ಪಾಯ್ತು. ಹಲಗೆ ಹಾಕಿದ್ದು ನಮ್ಮ ಮನೆಯವ್ರೇ.”

ನಮ್ಮ ಮನೆಯವರೇ ಅಂದರು. ಬೀಗಿತ್ತಿ ಅನ್ನಲಿಲ್ಲ, ಬೆಂಗಳೂರಿನವರು ಅನ್ನಲಿಲ್ಲ. ನನಗೆ ಅಳು ಬಂತು.

“ಗೊತ್ತದೆ” ಅಂದ ಬೀರಣ್ಣ. “ನಾ ಕಂಡಿದ್ದೆ.”

ನಾವಿಬ್ಬರೂ ಫೋನನ್ನೇ ನೋಡಿದೆವು.

“ಜಗಲಿ ಮೇಲೆ ಕೂತಿದ್ದೆ. ನಿಮ್ಮ ಬೀಗರು ಕೆಸರಿಗೆ ಇಳ್ದು ಹಲಗೆ ಹಾಕ್ತಿದ್ರು. ಗೊತ್ತಿದ್ದವರು ಮಾಡೋ ಕೆಲ್ಸ ಅದು, ನೋಡಿದ್ರೆ ತಿಳೀತದೆ. ನಿನಗೆ ಸಾಕಾಯ್ತು, ನಿನ್ನ ಕೈಯಾರೆ ಮುಚ್ಚೋಕೆ ಮನಸ್ಸು ಬರ್ಲಿಲ್ಲ, ಅವ್ರ ಹತ್ರ ಮುಚ್ಚಿಸ್ದೆ ಅಂದ್ಕೊಂಡೆ. ಸೋತವ್ರನ್ನ ಊರಿಗೆಲ್ಲ ಎಂತಕ್ಕೆ ತೋರ್ಸೋದು ಅಂತ ಸುಮ್ನಿದ್ದೆ.”

“ಈಗ ನಾ ಅಷ್ಟು ಬೈದ್ನಲ್ಲ, ಆಗ್ಲಾದ್ರೂ ಹೇಳ್ಬಾರ್ದಿತ್ತಾ?”

“ಬೀಗರು ಪಕ್ಕದಲ್ಲೇ ಇರ್ತಾರಲ್ಲ ಅಕ್ಕ. ಅವ್ರ ಎದುರಿಗೆ ಹೆಂಗೆ ಹೇಳೋದು?”

ನಾನು ನೋಡೇ ಇರದ ಮನುಷ್ಯ. ಅವನ ತಲೆಗೆ ಕಳ್ಳತನ ಕಟ್ಟಿ ಒಳಗೆ ಹೋಗಿ ಬೆಳ್ಳುಳ್ಳಿ ಸುಲಿಯೋಣ ಅಂತಿದ್ದವಳು ನಾನು. ಅವನು ನನ್ನ ಮರ್ಯಾದೆಗೋಸ್ಕರ ಬೈಗುಳ ನುಂಗಿ ಕೂತಿದ್ದ. ಅವತ್ತು ಆದ ಆಘಾತಗಳಲ್ಲಿ ನನಗೆ ಇನ್ನೂ ಅರಗದೇ ಉಳಿದಿರುವುದು ಇದೊಂದೇ.

“ನನಗೆ ಸಾಕಾಗಿಲ್ಲ ಬೀರಣ್ಣ” ಅಂದರು ನಾಗವೇಣಮ್ಮ.

“ಹಾಗಾದ್ರೆ ತೆಗೀತೆ. ನೀರು ಏರೋ ಹೊತ್ತಾಯ್ತು.”

ಅವನು ಫೋನು ಇಡುವ ಮೊದಲು ನಾನು ಬಗ್ಗಿ, “ತೆಗೀರಿ ಬೀರಣ್ಣನವ್ರೇ, ದಯವಿಟ್ಟು ತೆಗೀರಿ” ಅಂದೆ. ಅವನು ಹ್ಞಾಂ ಅಂದ, ಅಷ್ಟೇ.

ಆ ಸಂಜೆಯೇ ನಾಗವೇಣಮ್ಮ ಊರಿಗೆ ಹೊರಟರು. ಯಶವಂತಪುರ ಸ್ಟೇಷನ್ನಿನವರೆಗೆ ನಾನೂ ಹೋದೆ. ನಾನೂ ಬರುತ್ತೇನೆ, ಸಂಘದ ಮುಂದೆ ನಾನೇ ಹೇಳುತ್ತೇನೆ ಅಂದರೆ ಬೇಡ ಅಂದರು. ಕ್ಷಮಿಸಿದೆ ಅಂತಲೂ ಹೇಳಲಿಲ್ಲ. ಹೇಳಬೇಕು ಅಂತ ನಾನೂ ಬಯಸಲಿಲ್ಲ, ಸತ್ತ ಸಸಿ ನೋಡುವುದು ಇನ್ನೂ ಬಾಕಿಯಿತ್ತಲ್ಲ.

ಭಾನುವಾರ ಸಂಜೆ ಫೋನು ಮಾಡಿದರು. ಒಡ್ಡಿನ ಹತ್ತಿರದ ಸಸಿಗಳು ಪೂರ್ತಿ ಹೋಗಿವೆ, ಎತ್ತರದಲ್ಲಿದ್ದವು ಚಿಗುರಬಹುದು. ಸಂಘದ ಸಭೆಯಲ್ಲಿ ಎಲ್ಲರೂ ಯಾರು ಮುಚ್ಚಿದ್ದು, ಯಾರು ಮುಚ್ಚಿದ್ದು ಅಂತ ಗಲಾಟೆ ಎಬ್ಬಿಸಿದರಂತೆ. ನಾಗವೇಣಮ್ಮ ಎದ್ದು ನಿಲ್ಲುವಷ್ಟರಲ್ಲಿ ಬೀರಣ್ಣ ಎದ್ದನಂತೆ. “ಮುಚ್ಚಿದ್ದು ಯಾರು ಅಂತ ಕೇಳ್ಬೇಡಿ. ತೆಗ್ದಿದ್ದು ನಾನು. ತೆಗ್ದ ಮೇಲೆ ಮುಚ್ಚಿ ಅಂತ ನಾ ಹೇಳೋದಿಲ್ಲ. ಇನ್ನೊಂದು ವರ್ಷ ನೋಡುವ” ಅಂದನಂತೆ. ಅವನೇ ಹಾಗೆ ಅಂದ ಮೇಲೆ ಸಿಗಡಿ ಹೊಂಡದ ಮಾತನ್ನು ಯಾರೂ ಎತ್ತಲಿಲ್ಲ.

“ನನ್ನ ಹೆಸರು?” ಅಂತ ಕೇಳಿದೆ.

“ಬರ್ಲಿಲ್ಲ ಅಕ್ಕ” ಅಂದರು. “ಬರೋದೂ ಇಲ್ಲ.”

ಆ ಊರಿನಲ್ಲಿ ಈಗಲೂ ಅರ್ಧ ಜನ ಬೀರಣ್ಣನೇ ಮುಚ್ಚಿ ಬೀರಣ್ಣನೇ ತೆಗೆದ ಅಂದುಕೊಂಡಿದ್ದಾರೆ. ಚೈತ್ರ ಹೇಳಿದಳು. ಅವನು ಅದನ್ನು ಕೇಳಿ ಸುಮ್ಮನೆ ಇರುತ್ತಾನಂತೆ. ನನ್ನ ಬೀಗಿತ್ತಿಯೂ ನನ್ನ ಹೆಸರು ಬರುವುದಿಲ್ಲ ಅಂತ ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದಾರೆ. ಅವರಿಬ್ಬರೂ ಹೇಳುವುದಿಲ್ಲ, ಅದಕ್ಕೇ ನಾನು ಇಲ್ಲಿ ಬರೆದಿದ್ದೇನೆ. ಕುಮಟಾ ಕಡೆಯವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ನಾಲ್ಕು ಜನಕ್ಕೆ ಹೇಳಿ. ಆ ಏಳು ಹಲಗೆ ಹಾಕಿದ್ದು ನಾನು.